ರಾಮನವಮಿಗೆ ಹಾಸಿದ ಕೌದಿ

ಕೌದಿ ಹಾಸುವುದು ಬೇರೆ, ಹೊಲಿಯುವುದು ಬೇರೆ ಎಂದು ನಮ್ಮವ್ವ ಹೇಳುತ್ತಿದ್ದಳು. ಹಾಸುವುದೆಂದರೆ ಹಳೆಯ ಸೀರೆ, ಧೋತರಗಳನ್ನು ನೆಲದ ಮೇಲೆ ಒಂದರ ಮೇಲೊಂದು ಹರಡಿ, ಸುಕ್ಕು ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಒಳಗೆ ಯಾವುದು ಹೊರಗೆ ಯಾವುದು ಎಂದು ಗೊತ್ತುಮಾಡುವುದು. ಅದು ಒಂದು ಮುಂಜಾನೆಯ ಕೆಲಸ. ಹೊಲಿಯುವುದು ತಿಂಗಳ ಕೆಲಸ. ಹಾಸುವಾಗ ನಾಲ್ಕು ಕೈ ಬೇಕೇ ಬೇಕು. ಇಬ್ಬರು ಎದುರುಬದುರು ಕೂತು ಜಗ್ಗಿ ಹಿಡಿಯದಿದ್ದರೆ ನಡುವಿನ ಪದರು ಮುದ್ದೆಯಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚೆಂದ ಹೊಲಿದರೂ ಮಲಗಿದವರ ಬೆನ್ನಿಗೆ ಅದು ಒತ್ತುತ್ತಲೇ ಇರುತ್ತದೆ.

2020ರ ಉಗಾದಿ ಬಂದದ್ದು ಮಾರ್ಚ್ 25ಕ್ಕೆ. ಹಿಂದಿನ ರಾತ್ರಿ 8 ಗಂಟೆಗೆ ಪ್ರಧಾನಿಯವರು ಟೀವಿಯಲ್ಲಿ ಬಂದು 21 ದಿನ ದೇಶವೇ ಬಂದ್ ಎಂದರು. ಬಳ್ಳಾರಿಯ ನಮ್ಮ ಮನೆಯಲ್ಲಿ ಆಗ ಇದ್ದವರು ನಾನು ಮತ್ತು ಚೊಚ್ಚಲ ಬಾಣಂತನಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಮಗಳು. ಅವಳಿಗೆ ಆರು ತುಂಬಿ ಏಳರಲ್ಲಿ ಬಿದ್ದಿತ್ತು. ಬಾಣಂತಿ ಮಂಚಕ್ಕೆ ಹೊಸ ಕೌದಿ ಆಗಬೇಕೆಂದು ನಾನು ಶಿವರಾತ್ರಿಗೇ ಎಲ್ಲ ಹೊಂದಿಸಿ ಇಟ್ಟಿದ್ದೆ. ಸಿರುಗುಪ್ಪದಲ್ಲಿ ತವರುಮನೆ. ಅಲ್ಲಿ ತಂಗಿಯ ಹತ್ತಿರ ನಮ್ಮವ್ವನ ಸೀರೆಗಳ ಗಂಟು ಇತ್ತು. ಅದನ್ನು ತಂಗಿ ಹಬ್ಬಕ್ಕೆ ಬರುವಾಗ ತರಬೇಕು. ಹಬ್ಬದ ಮರುದಿನ ಕುರುಗೋಡಿನಿಂದ ಕೌದಿ ಹೊಲಿಯುವ ಅಕ್ಕ ಬಸ್ಸಿಗೆ ಬರಬೇಕು, ಇಬ್ಬರೂ ಕೂಡಿ ಹಾಸಬೇಕು, ಅವಳು ಕಟ್ಟಿಕೊಂಡು ಹೋಗಿ ಹೊಲಿದು ತರಬೇಕು. ಮೂರು ಊರು ಕೂಡಿದರೆ ಒಂದು ಕೌದಿ. ಬಳ್ಳಾರಿಯಿಂದ ಸಿರುಗುಪ್ಪ ಹೆಚ್ಚೆಂದರೆ ಐವತ್ತೈದು ಕಿಲೋಮೀಟರು, ಕುರುಗೋಡು ಅದರ ಅರ್ಧ. ಅಷ್ಟು ಹತ್ತಿರದ ಮೂರು ಊರು ಒಂದೇ ರಾತ್ರಿಯಲ್ಲಿ ಮೂರು ದೇಶಗಳಾದವು.

ಕುರುಗೋಡಿನ ಅಕ್ಕನಿಗೆ ಫೋನ್ ಮಾಡಿದೆ. ದೊಡ್ಡಬಸವೇಶ್ವರನ ಗುಡಿಯ ಊರು ಅದು, ಒಂದೇ ಕಲ್ಲಿನ ಭಾರಿ ಬಸವಣ್ಣ ಕೂತಿರುವ ಊರು. ಒಂದು ಕಾಲಕ್ಕೆ ಸಿಂದರ ರಾಜಧಾನಿ. ಅಕ್ಕನ ಮನೆ ಗುಡ್ಡದ ಮಗ್ಗುಲಿಗೆ. ಬಂಡೆಯ ಕಾವಿಗೆ ಏಪ್ರಿಲ್ ಹೊತ್ತಿಗೆ ಗೋಡೆ ಮುಟ್ಟಿದರೆ ಸುಡುತ್ತದೆ.

“ಬಸ್ಸಿಲ್ಲ, ಏನ್ ಮಾಡ್ಲಿ ಟೀಚರಮ್ಮ,” ಎಂದಳು. “ಎಂಟು ಕೌದಿ ಅರ್ಧಕ್ಕ ನಿಂತಾವ. ದಾರ ಐತಿ, ಕೈ ಐತಿ. ಬಟ್ಟಿ ಕೊಟ್ಟೋರು ಬರವಲ್ರು. ಹೊಲದು ಇಟ್ರ ದುಡ್ಡು ಯಾರು ಕೊಡ್ತಾರ?”

ಮುಂಗಡ ತೆಗೆದುಕೊಳ್ಳುವ ರೂಢಿ ಅವಳಿಗಿಲ್ಲ. ಕೌದಿ ಮಡಚಿ ಕೈಗಿಟ್ಟ ಮೇಲೆಯೇ ಕೂಲಿ. ಆ ಎಂಟು ಕೌದಿಗಳ ಮಾತು ಆಮೇಲೆ ಹೇಳುತ್ತೇನೆ.

ಈ ಹೊದಿಕೆಗೆ ನಮ್ಮ ಕಡೆ ಇರುವ ಹೆಸರುಗಳನ್ನು ನೋಡಿ. ನಾವು ಕೌದಿ ಎನ್ನುತ್ತೇವೆ. ನಮ್ಮ ಬೀದಿಯ ತೆಲುಗಿನವರಿಗೆ ಅದು ಬೊಂತ. ಕೌಲ್ ಬಜಾರಿನ ಉರ್ದು ಮನೆಗಳಲ್ಲಿ ಗುದಡಿ. ಸನ್ಯಾಸಿ ಹೊದ್ದರೆ ಅದೇ ಕಂಥೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಕೌದಿ ಪೂಜೆ ಎಂದೇ ಒಂದು ಪೂಜೆ ಇದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯ ನಾಲ್ಕು ಮೂಲೆಗೂ ಮಡಚಿದ ಬಣ್ಣದ ತುಂಡುಗಳಿಂದ ಹೂವು ಕೂಡಿಸುತ್ತಾರೆ. ಹೂವಿಲ್ಲದ್ದು ಅವರ ಕಣ್ಣಿಗೆ ಬರಿಮೈ ಇದ್ದಂತೆ. ಬಂಗಾಲದಲ್ಲಿ ಕಾಂಥಾ, ಕಚ್ಛಿನ ಕಡೆ ರಲ್ಲಿ. ಎಲ್ಲ ಕಡೆಗೂ ಗುಟ್ಟು ಒಂದೇ: ಉಟ್ಟು ಉಟ್ಟು ಮೆತ್ತಗಾದ ಹತ್ತಿ ಬಟ್ಟೆ, ಮತ್ತು ಬಿಡುವು ಮಾಡಿಕೊಂಡ ಹೆಂಗಸರ ಕೈ. ಹೊಸ ಬಟ್ಟೆಯಿಂದ ಕೌದಿ ಆಗುವುದಿಲ್ಲ. ಗಂಜಿ ಹೋಗಿರಬೇಕು, ನೂರು ಸಲ ಒಗೆದಿರಬೇಕು, ಒಬ್ಬರ ಮೈಯ ಕಾವು ಅದರಲ್ಲಿ ಇಳಿದಿರಬೇಕು. ಪಾಲಿಯೆಸ್ಟರ್ ಸೀರೆ ಎಷ್ಟು ಹಳೆಯದಾದರೂ ಕೌದಿಗೆ ಬಾರದು. ಸೂಜಿ ಜಾರುತ್ತದೆ, ಬೆವರು ಹೀರುವುದಿಲ್ಲ, ಬೇಸಿಗೆಯಲ್ಲಿ ಮೈಗೆ ಅಂಟುತ್ತದೆ.

ಮತ್ತೊಬ್ಬರು ಉಟ್ಟದ್ದು ಎಂಬುದೇ ಕೌದಿಯ ಜೀವ. ಆ ತಿಂಗಳು ಲೋಕವೆಲ್ಲ ಹೆದರಿದ್ದು ಅದಕ್ಕೇ, ಮತ್ತೊಬ್ಬರು ಮುಟ್ಟಿದ್ದಕ್ಕೆ. ಹಾಲಿನ ಪಾಕೀಟು ತೊಳೆದೆವು, ನೋಟು ಬಿಸಿಲಿಗೆ ಹರವಿದೆವು, ಕಾಯಿಪಲ್ಲೆ ಉಪ್ಪುನೀರಿಗೆ ಹಾಕಿದೆವು. ದೇಶದ ಮೊದಲ ಕೊರೊನಾ ಸಾವು ಮಾರ್ಚ್ 10ರಂದು ಆದದ್ದು ನಮ್ಮ ಕಲ್ಯಾಣ ಕರ್ನಾಟಕದ ಕಲಬುರಗಿಯಲ್ಲೇ. ಹಾಗಾಗಿ ಅದು ಎಲ್ಲೋ ಚೀನಾದ ಸುದ್ದಿಯಾಗಿ ನಮಗೆ ಒಂದು ದಿನವೂ ಉಳಿಯಲಿಲ್ಲ.

ಮಾರ್ಚ್ ಕೊನೆಗೆ ತಂಗಿಯ ಫೋನು ಬಂತು. “ಯಕ್ಕಾ, ಅಕ್ಕಿ ಲಾರಿ ಬಳ್ಳಾರಿಗೆ ಬರ್ತೈತಿ. ಅವ್ವನ ಗಂಟು ಡ್ರೈವರ್ ಕೈಯಾಗ ಕೊಟ್ಟೀನಿ.” ಸಿರುಗುಪ್ಪ ತುಂಗಭದ್ರೆಯ ದಂಡೆಯ ಊರು, ಕಾಲುವೆ ನೀರಿನ ಭತ್ತದ ಊರು. ಊರು ತುಂಬ ಅಕ್ಕಿ ಗಿರಣಿಗಳು. ದೇಶವೆಲ್ಲ ನಿಂತರೂ ಅಕ್ಕಿ ಲಾರಿ ನಿಲ್ಲಿಸಿರಲಿಲ್ಲ. ಮರುದಿನ ಆ ಹುಡುಗ ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡು ಬಂದು, ಗೇಟಿನ ಹತ್ತಿರ ಗಂಟು ಇಟ್ಟು, ಐದು ಮಾರು ದೂರ ಸರಿದು ನಿಂತು “ಅಮ್ಮಾ” ಎಂದು ಕೂಗಿದ. ನೀರು ಬೇಕಾ ಎಂದರೆ ಬೇಡ ಎಂದು ಕೈಯಾಡಿಸಿದ. ಬೇಡವೆಂದದ್ದು ನಮ್ಮ ಲೋಟ ಮುಟ್ಟಲು ಅವನಿಗೆ ಹೆದರಿಕೆಯಿಂದಲೋ, ಅವನು ಮುಟ್ಟಿದ ಲೋಟಕ್ಕೆ ನಾವು ಹೆದರುತ್ತೇವೆಂಬ ಮರ್ಯಾದೆಯಿಂದಲೋ, ನನಗೆ ತಿಳಿಯಲಿಲ್ಲ. ಬಳ್ಳಾರಿಯ ಬಿಸಿಲಲ್ಲಿ ಬಂದವರಿಗೆ ನೀರು ಕೊಡದೆ ಕಳಿಸಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

“ಅಮ್ಮಾ, ಮುಟ್ಟಬ್ಯಾಡ. ಬಿಸಿಲಿಗೆ ಹಾಕು,” ಎಂದಳು ಮಗಳು. ಅವಳ ಹೊಟ್ಟೆಯಲ್ಲಿ ಕೂಸಿತ್ತು, ಅವಳ ಮಾತು ಮೀರುವಂತಿರಲಿಲ್ಲ. ನಮ್ಮವ್ವನ ಸೀರೆಗಳನ್ನು ಕೋಲಿನಿಂದ ಎತ್ತಿ ಮಾಳಿಗೆಯ ತಂತಿಗೆ ಹಾಕಿದೆ. ಮೂರು ದಿನ ಅವು ಅಲ್ಲಿ ಆಡಿದವು. ಕೋಲಿನಿಂದ ಎತ್ತುವಾಗ ನನಗೆ ನೆನಪಾದದ್ದು ಅಜ್ಜಿ ಹೇಳುತ್ತಿದ್ದ ಪ್ಲೇಗಿನ ಕಥೆ. 1896ರಲ್ಲಿ ಮುಂಬಯಿಯಲ್ಲಿ ಇಳಿದ ಆ ಬೇನೆ ರೈಲು ಹಿಡಿದು ನಮ್ಮ ಸೀಮೆಗೂ ಬಂದು, ಅಜ್ಜಿಯ ಬಾಲ್ಯದವರೆಗೂ ಮರಳಿ ಮರಳಿ ಬರುತ್ತಿತ್ತು. ಇಲಿ ಬಿದ್ದರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿಕೊಳ್ಳುತ್ತಿದ್ದರಂತೆ. ಅಜ್ಜಿಯ ಮನೆಯ ಕೌದಿಗಳನ್ನೆಲ್ಲ ಅಂಗಳಕ್ಕೆ ಎಳೆದು ಸುಟ್ಟರಂತೆ. ಸತ್ತವರ ಹೆಸರು ಹೇಳುವಾಗ ಅಜ್ಜಿ ಸುಮ್ಮನಿರುತ್ತಿದ್ದಳು. ಸುಟ್ಟ ಕೌದಿಯ ಮಾತು ಬಂದಾಗ ಮಾತ್ರ ಅವಳ ದನಿ ನಡುಗುತ್ತಿತ್ತು. ಚಿಕ್ಕವಳಿದ್ದಾಗ ನನಗದು ತಿಳಿದಿರಲಿಲ್ಲ. ಸತ್ತವರು ಉಟ್ಟ ಸೀರೆಗಳೆಲ್ಲ ಆ ಕೌದಿಯಲ್ಲಿ ಇದ್ದವಲ್ಲ!

ಏಪ್ರಿಲ್ 2ಕ್ಕೆ ರಾಮನವಮಿ. ಪಾನಕ ಕೋಸಂಬರಿ ಮನೆಮಟ್ಟಿಗೆ ಮುಗಿಸಿ, ಪಡಸಾಲೆ ಒರೆಸಿ, ಒಬ್ಬಳೇ ಕೌದಿ ಹಾಸಿದೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಕೆಳಗೆ ನಮ್ಮ ಮನೆಯವರ ಎರಡು ಧೋತರ. ಅವರು ಹೋಗಿ ಆಗಲೇ ಏಳು ವರ್ಷವಾಗಿತ್ತು. ನಡುವೆ ನನ್ನ ಎರಡು ಸೀರೆ, ಶಾಲೆಗೆ ಉಟ್ಟು ಹೋಗುತ್ತಿದ್ದವು. ಮೇಲೆ ಅವ್ವನದು. ಎದುರು ಹಿಡಿಯುವವರಿಲ್ಲ. ಮಗಳು ಬಗ್ಗುವಂತಿಲ್ಲ. ಕುರ್ಚಿಯ ಮೇಲೆ ಕೂತು “ಎಡಕ್ಕೆ ಸುಕ್ಕೈತಿ, ಅಲ್ಲಲ್ಲ, ಇನ್ನೂ ಈ ಕಡೆ” ಎನ್ನುತ್ತಿದ್ದಳು. ಮುಂಜಾನೆ ಆಗಬೇಕಾದ ಕೆಲಸ ಸಂಜೆಗೆ ಮುಗಿಯಿತು.

ನಮ್ಮವ್ವನ ಸೀರೆ ಹದಿನಾರು ಮೊಳದ್ದು, ಈರುಳ್ಳಿ ಬಣ್ಣ, ಕಪ್ಪು ಅಂಚು. ಸೆರಗಿನ ಒಂದು ತುದಿಯಲ್ಲಿ ಬೆರಳುದ್ದ ಜಾಗ ಮುದುಡಿಕೊಂಡಿತ್ತು. ಅವಳು ಚಿಲ್ಲರೆ ಗಂಟು ಹಾಕುತ್ತಿದ್ದ ಜಾಗ ಅದು. ಸಂತೆಗೆ ಹೋದಾಗ ಅಲ್ಲಿಂದಲೇ ಬಿಚ್ಚಿ ನಮಗೆ ಪುಟಾಣಿ ಕೊಡಿಸುತ್ತಿದ್ದಳು. ನಲವತ್ತು ವರ್ಷ ಗಂಟು ಹಾಕಿ ಬಿಚ್ಚಿ ಹಾಕಿ ಬಿಚ್ಚಿ, ನೂಲು ಆ ಆಕಾರವನ್ನೇ ಕಲಿತುಬಿಟ್ಟಿತ್ತು. ನೀರು ಚಿಮುಕಿಸಿ ಅಂಗೈಯಲ್ಲಿ ಒತ್ತಿದರೂ ಬಿಡಲಿಲ್ಲ. ಕೊನೆಗೆ ಅದನ್ನು ಹಾಗೆಯೇ ತಲೆಕಡೆ ಮೂಲೆಗೆ ಬರುವಂತೆ ಹಾಸಿದೆ. ಇವತ್ತಿಗೂ ಕತ್ತಲಲ್ಲಿ ಕೈಯಾಡಿಸಿದರೆ ಆ ಕೌದಿಗೆ ತಲೆ ಯಾವ ಕಡೆ ಎಂದು ಗೊತ್ತಾಗುತ್ತದೆ.

ಹೊಲಿಗೆ ಅಂಚಿನಿಂದ ಶುರು. ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬರಬೇಕು. ಸುತ್ತಿಗೂ ಸುತ್ತಿಗೂ ಅರ್ಧ ಇಂಚು, ಇಂಚಿಗೆ ಮೂರು ಟಾಕು. ನಾನು ಲೆಕ್ಕದ ಟೀಚರು, ಕೂತಲ್ಲೇ ಲೆಕ್ಕ ಹಾಕಿದೆ. ಇಪ್ಪತ್ತು ಸಾವಿರದ ಮೇಲೆ ಟಾಕು ಬರುತ್ತದೆ. ಐದು ಪದರು ದಾಟುವಾಗ ಸೂಜಿ ಬೆರಳಿಗೆ ಒಂದೊಂದು ಪದರನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಧೋತರ ಬಂದಾಗ ಸರಕ್ಕನೆ ಇಳಿಯುತ್ತದೆ, ನನ್ನ ಸೀರೆಯ ಅಂಚು ಸಿಕ್ಕರೆ ನಿಲ್ಲುತ್ತದೆ, ಅವ್ವನ ಸೀರೆಗೆ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಬೆಳಿಗ್ಗೆ ಐದರಿಂದ ಏಳು, ಸಂಜೆ ಐದರಿಂದ ಏಳು, ಹೀಗೆ ದಿನಕ್ಕೆ ನಾಲ್ಕು ತಾಸು. ನಡುಹಗಲು ಬಳ್ಳಾರಿಯ ಏಪ್ರಿಲ್‌ನಲ್ಲಿ ಕೌದಿ ತೊಡೆಯ ಮೇಲೆ ಹಾಕಿಕೊಂಡು ಕೂಡುವುದು ಯಾರಿಂದಲೂ ಆಗದು. ಏಪ್ರಿಲ್ 5ರ ರಾತ್ರಿ 9 ಗಂಟೆಗೆ ಎಲ್ಲರಂತೆ ನಾವೂ ದೀಪ ಹಚ್ಚಿದೆವು. ಬತ್ತಿ ಹೊಸೆದದ್ದು ಧೋತರದ ಉಳಿದ ಚೂರಿನಿಂದ.

ಹೊಲಿಯುತ್ತ ಕೂತಾಗ ನನಗೆ ಮೊದಲು ಕೇಳಿಸಿದ್ದು ಬೀದಿಯ ಮೌನ. ಬಳ್ಳಾರಿ ಜೀನ್ಸ್ ಊರು. ದಂಡು ಇದ್ದ ಕಾಲದಲ್ಲಿ ಸೈನಿಕರ ಬಟ್ಟೆ ಹೊಲಿಯಲು ಬಂದ ದರ್ಜಿಗಳಿಂದ ಇಲ್ಲಿ ಈ ಕಸುಬು ಬೇರು ಬಿಟ್ಟಿತೆಂದು ಊರಿನವರು ಹೇಳುತ್ತಾರೆ. ನಮ್ಮ ಕಡೆ ಹತ್ತಿ ಬೆಳೆಯುವ ಕಪ್ಪು ಎರೆನೆಲ ಮೊದಲೇ ಇತ್ತು. ಈಗ ಊರಿನಲ್ಲಿ ಕಾರ್ಖಾನೆಗಿಂತ ಮನೆಗಳಲ್ಲೇ ಹೆಚ್ಚು ಕೆಲಸ. ಒಂದು ಮನೆಯಲ್ಲಿ ಜೇಬು, ಇನ್ನೊಂದರಲ್ಲಿ ಗುಂಡಿ, ಮತ್ತೊಂದು ಮನೆಯ ಕಟ್ಟೆಯ ಮೇಲೆ ಹೆಂಗಸರು ಕೂತು ಎದ್ದ ದಾರ ಕತ್ತರಿಸುವುದು. ಮುವ್ವತ್ತು ವರ್ಷದಿಂದ ಆ ಮಿಷನ್ ಸದ್ದಿನಲ್ಲೇ ನಾನು ಮಲಗಿ ಎದ್ದದ್ದು. ಅದು ನಿಂತಾಗ ರಾತ್ರಿ ನಿದ್ದೆ ಬರಲಿಲ್ಲ. ಬೀದಿಯ ಕೊನೆಯ ಮನೆಯ ಹೆಣ್ಣುಮಗಳು ಜೇಬು ಹೊಲಿಯುವವಳು, ಎರಡು ಮಕ್ಕಳ ತಾಯಿ. ಹತ್ತು ದಿನಕ್ಕೇ ಅವಳ ಮನೆಯ ಒಲೆಯ ಲೆಕ್ಕ ಬಿಗಿಯಾಯಿತು. ಆಮೇಲೆ ಮಾಸ್ಕಿಗೆ ಗಿರಾಕಿ ಬಂತು, ಆದರೆ ಬಟ್ಟೆ ಅಂಗಡಿ ಮುಚ್ಚಿತ್ತು. ಗೇಟಿನ ಹೊರಗೆ ನಿಂತು ಕೇಳಿದಳು: “ಆಂಟೀ, ಮೆತ್ತನ್ನ ಕಾಟನ್ ಇದ್ರ ಕೊಡ್ರಿ. ಜೀನ್ಸ್ ಬಟ್ಟಿ ಮೂಗಿಗೆ ಕಟ್ಟಿದ್ರ ಉಸಿರಾಡಾಕ ಆಗಲ್ರಿ.”

ಗಂಟಿನಲ್ಲಿ ಅವ್ವನ ಇನ್ನೊಂದು ಸೀರೆ ಇತ್ತು, ಹಸಿರು. ಕೂಸಿನ ತೊಟ್ಟಿಲ ಕೌದಿಗೆಂದು ಇಟ್ಟದ್ದು. ಒಂದು ರಾತ್ರಿ ಯೋಚನೆ ಮಾಡಿ, ಬೆಳಿಗ್ಗೆ ಅದನ್ನು ನಡುವೆ ಹರಿದು ಅರ್ಧ ಕೊಟ್ಟೆ. ಮುವ್ವತ್ತು ಮಾಸ್ಕ್ ಆದವಂತೆ. ಸಿರುಗುಪ್ಪದ ಸಂತೆಬೀದಿ ಬಿಟ್ಟು ಹೊರಗೆ ಹೆಚ್ಚು ಹೋಗದ ನಮ್ಮವ್ವನ ಸೀರೆ ಬಳ್ಳಾರಿಯ ಮುವ್ವತ್ತು ಮುಖಗಳ ಮೇಲೆ ಓಡಾಡಿತು. ಮಗಳಿಗೂ ಒಂದು ಬಂತು. ಕಟ್ಟಿಕೊಂಡು “ಅಜ್ಜಿ ವಾಸನಿ ಬರ್ತೈತಿ” ಎಂದಳು. ಮುಟ್ಟಬ್ಯಾಡ ಎಂದವಳೇ ಅವಳು.

ಏಪ್ರಿಲ್ 14ಕ್ಕೆ ಬಂದ್ ಮುಗಿಯಬೇಕಿತ್ತು. ಅದನ್ನು ಮೇ 3ರವರೆಗೆ ಎಳೆದರು. ಅದೇ ವಾರ ನನ್ನ ಬಿಳಿ ದಾರ ಮುಗಿಯಿತು. ಕಿರಾಣಿ, ಹಾಲು, ಔಷಧಿ, ತರಕಾರಿ ಇಷ್ಟಕ್ಕೆ ಬಾಗಿಲು ತೆರೆದಿತ್ತು, ದಾರಕ್ಕೆ ಎಲ್ಲಿ ಹೋಗುವುದು? ಕೊನೆಮನೆಯವಳಿಗೆ ಹೇಳಿದೆ. ಸಂಜೆ ಗೇಟಿಗೆ ಒಂದು ಚೀಲ ತೂಗಿತ್ತು. ಒಳಗೆ ಜೀನ್ಸ್ ಹೊಲಿಯುವ ದಪ್ಪ ದಾರದ ಕೋನು, ಬೆಲ್ಲದ ಬಣ್ಣದ್ದು. ಹಾಗಾಗಿ ನನ್ನ ಕೌದಿಯಲ್ಲಿ ಹೊರಸುತ್ತುಗಳೆಲ್ಲ ಬಿಳಿ, ಒಳಸುತ್ತುಗಳೆಲ್ಲ ಬೆಲ್ಲದ ಬಣ್ಣ. ಬಿಚ್ಚಿ ಮತ್ತೆ ಒಂದೇ ಬಣ್ಣದಲ್ಲಿ ಹೊಲಿಯಿರಿ ಎಂದು ಆಮೇಲೆ ಹಲವರು ಹೇಳಿದರು. ನಾನು ಬಿಚ್ಚಲಿಲ್ಲ. ಬಣ್ಣ ಬದಲಾದಲ್ಲಿ ಬೆರಳಿಟ್ಟರೆ ಅದು ಯಾವ ವಾರ ಎಂದು ಹೇಳಬಲ್ಲೆ.

ಏಪ್ರಿಲ್ 26, ಬಸವ ಜಯಂತಿ, ಅಕ್ಷಯ ತದಿಗೆ. ಕೊನೆಯ ಟಾಕು ಹಾಕಿ ದಾರ ಕಡಿದೆ. ಹಿಂದಿನ ದಿನವೇ ರಂಜಾನ್ ಉಪವಾಸ ಶುರುವಾಗಿ, ಮಸೀದಿಗಳು ಖಾಲಿ, ಬಸವಣ್ಣನ ಮೆರವಣಿಗೆಯೂ ಇಲ್ಲ. ಇಪ್ಪತ್ತೈದು ದಿನ, ನಾಲ್ಕು ನಾಲ್ಕು ತಾಸು, ಒಟ್ಟು ನೂರು ತಾಸು. ಇಲ್ಲಿಗೆ ಬಂದು ನನ್ನ ಲೆಕ್ಕ ನನ್ನನ್ನೇ ತಡೆಯಿತು. ಎಂಟು ತಾಸಿನ ದಿನವೆಂದರೆ ಹನ್ನೆರಡೂವರೆ ದಿನದ ಕೆಲಸ. ಆ ಏಪ್ರಿಲ್‌ನಿಂದ ಉದ್ಯೋಗ ಖಾತರಿಯ ದಿನಗೂಲಿ ನಮ್ಮ ರಾಜ್ಯದಲ್ಲಿ 275 ರೂಪಾಯಿ. ಹನ್ನೆರಡೂವರೆ ದಿನಕ್ಕೆ 3,437 ರೂಪಾಯಿ. ಕುರುಗೋಡಿನ ಅಕ್ಕನಿಗೆ ಇಂಥದೇ ಒಂದು ಕೌದಿಗೆ ಹಿಂದಿನ ವರ್ಷ ನಾನು ಕೊಟ್ಟದ್ದು 800. ಅದರಲ್ಲೂ ಐವತ್ತು ಕಡಿಮೆ ಮಾಡು ಎಂದು ಕೇಳಿದ್ದೆ. ಅವಳ ಕೈ ನನಗಿಂತ ಚುರುಕು, ಅರ್ಧ ಹೊತ್ತಿನಲ್ಲಿ ಮುಗಿಸುತ್ತಾಳೆ ಎಂದುಕೊಂಡರೂ ಲೆಕ್ಕ ಸರಿಹೋಗುವುದಿಲ್ಲ. ಹೊಲ ಅಗೆಯುವ ಕೂಲಿಗೆ ಸರಕಾರ ದರ ಕಟ್ಟಿದೆ. ಅಡುಗೆಮನೆಯ ಪಕ್ಕದಲ್ಲಿ ಕೂತು ಮಾಡಿದ ಕೆಲಸಕ್ಕೆ ನಾವೇ ದರ ಕಟ್ಟಿಲ್ಲ. ಹಳೇ ಬಟ್ಟೆ ನಮ್ಮದು, ಅವಳದು ಬರೀ ದಾರ ಸೂಜಿ ಎಂದು ತಲೆತಲಾಂತರದಿಂದ ಅಂದುಕೊಂಡು ಬಂದಿದ್ದೇವೆ. ಇದು ತಪ್ಪು. ತಿಂಗಳು ಪೂರ್ತಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊಲಿದವಳಾಗಿ ಹೇಳುತ್ತಿದ್ದೇನೆ, ಇದು ತಪ್ಪು.

ಅವಳಿಗೆ ಫೋನ್ ಮಾಡಿದೆ. ಎರಡು ತಿಂಗಳ ರೇಷನ್ ಒಟ್ಟಿಗೆ ಬಂದಿತ್ತು. “ಅಕ್ಕಿ ಐತ್ರಿ. ಎಣ್ಣಿ, ಬ್ಯಾಳಿ, ಔಷಧ, ಅವಕ್ಕ ರೊಕ್ಕ ಬೇಕಲ್ರಿ,” ಎಂದಳು. ಅವಳ ಮೊಮ್ಮಗನ ಫೋನ್‌ಪೇಗೆ ಹಣ ಹಾಕಿದೆ. ಮುಂದಿನ ಕೌದಿಯ ಮುಂಗಡ ಎಂದರೆ ಅವಳು ಒಪ್ಪಲಿಲ್ಲ. ಹಿಂದಿನದರ ಬಾಕಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾಕಿ ಇತ್ತೇನ್ರಿ?” ಎಂದಳು. ಇತ್ತು ಎಂದೆ.

ಇಲ್ಲಿ ಒಂದು ದೂರದ ಕೌದಿಯ ಮಾತು ಹೇಳಬೇಕು. ಅಮೆರಿಕದಲ್ಲಿ ಏಡ್ಸ್ ಬೇನೆಗೆ ಜನ ಸಾಯುತ್ತಿದ್ದಾಗ, ಸತ್ತವರನ್ನು ಮುಟ್ಟಲೂ ಎಲ್ಲರೂ ಹಿಂಜರಿಯುತ್ತಿದ್ದಾಗ, ಅವರ ಬಂಧುಬಳಗ, ಸ್ನೇಹಿತರು ಕೂತು ಒಬ್ಬೊಬ್ಬರಿಗೆ ಒಂದೊಂದು ಬಟ್ಟೆಯ ಹಾಳೆ ಹೊಲಿದರು. ಮೂರು ಅಡಿ ಅಗಲ, ಆರು ಅಡಿ ಉದ್ದ, ಒಂದು ಗೋರಿಯ ಅಳತೆ. ಪ್ರತಿಯೊಂದರ ಮೇಲೂ ಹೆಸರು. 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನ ಬಯಲಿನಲ್ಲಿ ಅಂಥ 1,920 ಹಾಳೆಗಳನ್ನು ಹಾಸಿದರು. ಜನ ಅವುಗಳ ನಡುವೆ ನಡೆದು ಹೆಸರು ಓದಿದರು. ಹೊದಿಯಲು ಹೊಲಿದದ್ದಲ್ಲ, ಹೆಸರು ಅಳಿಯಬಾರದೆಂದು ಹೊಲಿದದ್ದು. ಇತ್ತ ನಮ್ಮ ಜಿಲ್ಲೆಯಲ್ಲೇ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ. 2023ರ ಜಿ-20 ಸಭೆಗೆ ಹಂಪಿಯಲ್ಲಿ ಲಂಬಾಣಿ ಕಸೂತಿಯ 1,755 ತುಣುಕುಗಳನ್ನು ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಬಹಳ ಸಂತೋಷ. ಆದರೆ ನಮ್ಮ ಮನೆಯ ಕಪಾಟಿನಲ್ಲಿರುವ ಮೂರು ಹಳೆಯ ಕೌದಿಗಳನ್ನು ಹೊಲಿದವರು ಯಾರು? ಯಾರ ಸೀರೆ ಎಂದು ನನಗೆ ಗೊತ್ತು. ಯಾರ ಕೈ ಎಂದು ಹೇಳುವವರು ಮನೆಯಲ್ಲಿ ಯಾರೂ ಉಳಿದಿಲ್ಲ.

ಮೇ 19ಕ್ಕೆ ಬಸ್ಸು ಬಿಟ್ಟರು. ಮುಂದಿನ ವಾರ ಕುರುಗೋಡಿನ ಅಕ್ಕ ಬಂದಳು, ಸೆರಗು ಮೂಗಿಗೆ ಸುತ್ತಿಕೊಂಡು. ಎಂಟು ಕೌದಿಗಳಲ್ಲಿ ಐದನ್ನು ಮುಗಿಸಿದ್ದಳು. ಇಬ್ಬರು ಗಿರಾಕಿಗಳು ಈಗ ಬೇಡ ಎಂದಿದ್ದರು, ಯಾರೋ ಮುಟ್ಟಿದ್ದು ಎಂಬ ಹೆದರಿಕೆಗೆ. ಆ ಎರಡನ್ನೂ ನಾನೇ ಇಟ್ಟುಕೊಂಡೆ. ಪಡಸಾಲೆಯಲ್ಲಿ ನನ್ನ ಕೌದಿ ಹರಡಿ ತೋರಿಸಿದೆ. ಮೊಣಕಾಲೂರಿ ಅಂಗೈಯಿಂದ ಒತ್ತಿ ಒತ್ತಿ ನೋಡಿದಳು. “ಇಲ್ಲಿ ಸಡ್ಲಾಗೈತಿ ಟೀಚರಮ್ಮ. ಒಬ್ರ ಹಾಸೀರಿ, ಗೊತ್ತಾಗ್ತೈತಿ,” ಎಂದು, ಸೂಜಿ ಇಸಿದುಕೊಂಡು ಆ ಜಾಗದಲ್ಲಿ ಎರಡು ಸುತ್ತು ಸೇರಿಸಿದಳು.

ಆಮೇಲೆ ನಾನು ಚಾಕ್‌ಪೀಸಿನಿಂದ ಕಾಲಕಡೆಯ ಮೂಲೆಯಲ್ಲಿ ಅವಳ ಹೆಸರು ಬರೆದೆ. ಅವಳಿಗೆ ಓದು ಬರೆಹ ಬಾರದು. ಇದೇನು ಎಂದು ಕೇಳಿದಳು, ನಿನ್ನ ಹೆಸರು ಎಂದೆ. ಗೆರೆಯ ಮೇಲೆಯೇ ಸೂಜಿ ಹಾಯಿಸುತ್ತ ಅರ್ಧ ತಾಸಿನಲ್ಲಿ ಹೊಲಿದು ಮುಗಿಸಿದಳು. ಪಕ್ಕದಲ್ಲಿ ನಾನು ಬೆಲ್ಲದ ಬಣ್ಣದ ದಾರದಲ್ಲಿ ಮೂರು ಊರಿನ ಹೆಸರು ಮತ್ತು 2020 ಎಂದು ಹೊಲಿದೆ. ಜೂನ್ ಮೊದಲ ವಾರ ಹುಟ್ಟಿದ ಮೊಮ್ಮಗಳು ಈಗ ಅದನ್ನು ಕೂಡಿಸಿ ಓದುತ್ತಾಳೆ.

ನಿಮ್ಮ ಮನೆಯಲ್ಲಿ ಕೌದಿ ಇದ್ದರೆ, ಅದನ್ನು ಹೊಲಿದವರು ಯಾರೆಂದು ಬಲ್ಲವರು ಇನ್ನೂ ಇದ್ದರೆ, ಇವತ್ತೇ ಕೇಳಿ. ಹೆಸರನ್ನು ಒಂದು ಮೂಲೆಗೆ ಹೊಲಿದಿಡಿ. ಹೊಸದು ಹೊಲಿಸುವುದಿದ್ದರೆ ತಾಸು ಎಣಿಸಿ ಕೂಲಿ ಕೊಡಿ.